ಕೇಣಿಯ ಕಡಲು, ಬಳ್ಳಾರಿ ಸೀಮೆಯ ಪ್ರಶ್ನೆಗಳು

ಹೋದ ತಿಂಗಳು ಇದೇ ಅಂಕಣದಲ್ಲಿ, ಅಂಕೋಲಾ ಹತ್ತಿರ ಕೇಣಿಯಲ್ಲಿ ಕಟ್ಟಬೇಕೆಂದಿರುವ ಬಂದರಿನ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಲ್ಲಿಗೆ ಸಾಮಾನ್ಯವಾಗಿ ಬರುವುದು ಬೋರ್‌ವೆಲ್ ನೀರಿನ ಫ್ಲೋರೈಡ್, ಮೆಣಸಿನ ಗಿಡದ ಮುಟುರು ರೋಗ, ಗಣಿ ಧೂಳು, ಇಂಥ ಪ್ರಶ್ನೆಗಳು. ಈ ಸಲ ಎಲ್ಲರೂ ಸಮುದ್ರದ ಬಗ್ಗೆಯೇ ಕೇಳಿದ್ದೀರಿ. ನನಗಂತೂ ಖುಷಿಯಾಯಿತು. ಹೊಸ ಓದುಗರಿಗೆ ಒಂದು ಮಾತು: ನಾನು ಬಳ್ಳಾರಿಯಲ್ಲೇ ಹುಟ್ಟಿ ಬೆಳೆದವಳು. ಎಂ.ಎಸ್ಸಿ. ಓದಿದ್ದು ಮಾತ್ರ ಕಾರವಾರದ ಕೋಡಿಬಾಗದಲ್ಲಿ, ಕಡಲ ಜೀವಶಾಸ್ತ್ರ. ಆಮೇಲೆ ಕೆಲವು ವರ್ಷ ಸಮೀಕ್ಷೆ ತಂಡಗಳ ಜೊತೆ ದೋಣಿಯಲ್ಲಿ ತಿರುಗಿ ಸಮುದ್ರದ ತಳದ ಕೆಸರನ್ನು ಜರಡಿ ಹಿಡಿದೆ. ಈಗ ಊರಿಗೆ ವಾಪಸ್ ಬಂದು ಪಾಠ ಹೇಳುತ್ತಿದ್ದೇನೆ.

ಪ್ರಶ್ನೆ: ಮೇಡಂ, ನನ್ನವು ಎರಡು ಟಿಪ್ಪರ್ ಇವೆ. ಬಂದರು ಆದರೆ ನಮ್ಮಂಥವರಿಗೆ ಕೆಲಸ ಸಿಗುತ್ತದೆ. ಕಡಲ ಕಡೆಯವರು ಬೇಡ ಅನ್ನುತ್ತಾರೆ. ಬಳ್ಳಾರಿಯವರಾಗಿ ನೀವು ಯಾರ ಕಡೆ?
— ಒಬ್ಬ ಓದುಗರು, ಸಂಡೂರು

ಉತ್ತರ: ಬಂದರು ಬೇಡವೇ ಬೇಡ ಅನ್ನುವವಳು ನಾನಲ್ಲ, ಅಣ್ಣಾ. ಆದರೆ ಅಲ್ಲಿನ ಸಮುದ್ರವನ್ನು ಸರಿಯಾಗಿ ನೋಡದೆ ‘ಏನೂ ಆಗುವುದಿಲ್ಲ’ ಎಂದು ಬರೆದುಕೊಟ್ಟರೆ ಒಪ್ಪುವುದಿಲ್ಲ.

ಈ ಬಂದರಿಗೂ ನಮಗೂ ಇರುವ ನಂಟು ದೊಡ್ಡದು. ಕರ್ನಾಟಕ ಮಾರಿಟೈಮ್ ಬೋರ್ಡ್ 2023ರ ನವೆಂಬರ್‌ನಲ್ಲಿ ಇದರ ಗುತ್ತಿಗೆ ಪತ್ರ ಕೊಟ್ಟಿದ್ದು ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ. ಮೊದಲ ಹಂತದ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್, ಅಂದಾಜು ವೆಚ್ಚ 4,119 ಕೋಟಿ ರೂಪಾಯಿ. ಅದೇ ಬಳಗದ ಉಕ್ಕಿನ ಕಾರ್ಖಾನೆ ನಿಮ್ಮ ತಾಲ್ಲೂಕಿನ ತೋರಣಗಲ್ಲಿನಲ್ಲಿದೆ. ಅದಿರು ನಮ್ಮ ಗುಡ್ಡದಲ್ಲಿ ಸಿಗುತ್ತದೆ, ಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲು ನಮ್ಮಲ್ಲಿಲ್ಲ. ಭಾರತ ಅದನ್ನು ಬಹುಪಾಲು ಹೊರಗಿನಿಂದ ತರಿಸುತ್ತದೆ, ಜಾಸ್ತಿ ಆಸ್ಟ್ರೇಲಿಯಾದಿಂದ. ಈಗ ನಮ್ಮ ಕಡೆಗೆ ಬರುವ ಕಲ್ಲಿದ್ದಲಿನ ಒಂದು ಭಾಗ ಗೋವಾದ ಮರ್ಮಗೋವಾದಲ್ಲಿ ಇಳಿದು, ರೈಲಿನಲ್ಲಿ ಘಟ್ಟ ಹತ್ತಿ ಬರುತ್ತದೆ. ಅಂದರೆ ಕೇಣಿಯ ಮೀನುಗಾರರು ಕೇಳುತ್ತಿರುವ ಪ್ರಶ್ನೆಯ ಇನ್ನೊಂದು ತುದಿ ನಮ್ಮ ಮನೆ ಬಾಗಿಲಲ್ಲೇ ಇದೆ.

ಟಿಪ್ಪರ್ ಕೆಲಸದ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಕೋಟಿಗಟ್ಟಲೆ ಟನ್ ಸರಕನ್ನು ಘಟ್ಟ ಹತ್ತಿಸುವವರು ರೈಲನ್ನೇ ನೆಚ್ಚುತ್ತಾರೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗವೋ ಪಶ್ಚಿಮ ಘಟ್ಟದ ಕಾಡಿನ ಕಾರಣಕ್ಕೆ ದಶಕಗಳಿಂದ ನಿಂತಿದೆ. ನನ್ನ ತಕರಾರು ಇಲ್ಲೂ ಒಂದಿದೆ: ಬಂದರಿನ ವರದಿ ಬೇರೆ, ರೈಲಿನ ವರದಿ ಬೇರೆ, ರಸ್ತೆಯದು ಇನ್ನೊಂದು. ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಮೇಜು ಎಲ್ಲೂ ಇಲ್ಲ. ಅಂಕೋಲಾ ಹತ್ತಿರದ ಬೇಲೇಕೇರಿ ಬಂದರಿನ ಕಥೆಯನ್ನು ಸಂಡೂರಿನವರಿಗೆ ನಾನು ಹೇಳಬೇಕಾಗಿಲ್ಲ. 2010ರಲ್ಲಿ ಅಲ್ಲಿ ವಶಪಡಿಸಿಕೊಂಡಿದ್ದ ಲಕ್ಷಾಂತರ ಟನ್ ಅದಿರು ಮಾಯವಾಯಿತು, ಮುಂದಿನ ವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನೇ ನಿಲ್ಲಿಸಿತು. ಆಗ ಟಿಪ್ಪರ್‌ಗಳು ಸಾಲದ ಕಂತು ಕಟ್ಟಲಾಗದೆ ರಸ್ತೆ ಬದಿ ನಿಂತಿದ್ದನ್ನು ನೀವೂ ನೋಡಿದ್ದೀರಿ. ಮೊದಲೇ ಲೆಕ್ಕ ಸರಿ ಇದ್ದರೆ ಆಮೇಲೆ ಕೋರ್ಟು ಬಂದು ನಿಲ್ಲಿಸುವ ಪ್ರಮೇಯ ಬರುವುದಿಲ್ಲ, ಅಲ್ವಾ?

ಪ್ರಶ್ನೆ: ಅಕ್ಕಾ, ನಾನು ಬಿ.ಎಸ್ಸಿ. ಕೊನೆಯ ವರ್ಷ. ಒಂದು ಬಂದರಿನ ಪರಿಸರ ವರದಿ ಓದಿದೆ. ‘ಸಮುದ್ರ ಜೀವಿಗಳ ಮೇಲೆ ಗಣನೀಯ ಪರಿಣಾಮ ಇಲ್ಲ’ ಎಂದು ಕೊನೆಯಲ್ಲಿದೆ. ಅದನ್ನು ಹೇಗೆ ತೀರ್ಮಾನ ಮಾಡುತ್ತಾರೆ? ನಂಬಬಹುದಾ?
— ಒಬ್ಬ ವಿದ್ಯಾರ್ಥಿ, ಕಂಪ್ಲಿ

ಉತ್ತರ: ತಮ್ಮಾ, ಕೊನೆಯ ಪುಟವನ್ನು ಸದ್ಯಕ್ಕೆ ಬಿಟ್ಟುಬಿಡು. ನಾನು ನೋಡಿದ ವರದಿಗಳಲ್ಲೆಲ್ಲ ಅದು ಹೆಚ್ಚುಕಡಿಮೆ ಒಂದೇ ಥರ ಇರುತ್ತಿತ್ತು. ಮಧ್ಯದಲ್ಲಿ ಸಮುದ್ರ ಪರಿಸರದ ಅಧ್ಯಾಯ ಇರುತ್ತದೆ. ಅದರೊಳಗೆ ಯಾವ ಜಾಗದಲ್ಲಿ, ಯಾವ ತಾರೀಖಿಗೆ ಮಾದರಿ ತೆಗೆದರು ಎಂಬ ಕೋಷ್ಟಕ ಇರುತ್ತದೆ. ಅದನ್ನು ಹುಡುಕು. ಇಡೀ ವರದಿಯ ಯೋಗ್ಯತೆ ಆ ಒಂದು ಕೋಷ್ಟಕದಲ್ಲಿ ಗೊತ್ತಾಗುತ್ತದೆ.

ಮೊದಲು ತಾರೀಖು. ಇಂಥ ವರದಿಗೆ ಮಳೆಗಾಲ ಬಿಟ್ಟು ಒಂದು ಋತುವಿನ ಅಳತೆ ಸಾಕು ಎಂಬ ರೂಢಿ ನಮ್ಮಲ್ಲಿದೆ. ಹಾಗಾಗಿ ತಂಡಗಳು ಡಿಸೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ ಬಂದುಬಿಡುತ್ತವೆ. ಆಗ ಸಮುದ್ರ ಶಾಂತ, ದೋಣಿ ಸಿಗುತ್ತದೆ, ಉಪಕರಣ ಒಡೆಯುವುದಿಲ್ಲ. ನಾವು ಹೋಗುತ್ತಿದ್ದುದೂ ಆಗಲೇ. ಮಳೆಗಾಲದ ಅಳತೆಯೂ ಬೇಕು ಎಂದು ನಾನೊಮ್ಮೆ ಕೇಳಿದ್ದೆ. ‘ಕೇಳದೇ ಇರುವ ಅಳತೆಗೆ ಯಾರಮ್ಮಾ ದುಡ್ಡು ಕೊಡುತ್ತಾರೆ’ ಎಂದು ಮೇಲಿನವರು ನಕ್ಕರು.

ಆದರೆ ಅರಬ್ಬಿ ಸಮುದ್ರದ ಅಸಲಿ ಕಾರುಬಾರು ನಡೆಯುವುದು ಮಳೆಗಾಲದಲ್ಲಿ. ಆಗ ಬೀಸುವ ಗಾಳಿಗೆ ದಡದ ಹತ್ತಿರದ ಮೇಲ್ನೀರು ಆಚೆ ಸರಿಯುತ್ತದೆ. ಕೆಳಗಿನ ತಣ್ಣನೆ ನೀರು ಅದರ ಜಾಗಕ್ಕೆ ಏರಿ ಬರುತ್ತದೆ. ಆ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಜಾಸ್ತಿ. ನಮ್ಮ ಗದ್ದೆಗೆ ಹಾಕುವ ಗೊಬ್ಬರದಲ್ಲಿ ಇರುವುದೂ ಇವೇ ತಾನೇ? ಕಣ್ಣಿಗೆ ಕಾಣದಷ್ಟು ಸಣ್ಣ ತೇಲುವ ಪಾಚಿ ಇದನ್ನು ಉಂಡು ಹುಲುಸಾಗಿ ಬೆಳೆಯುತ್ತದೆ. ಆ ಪಾಚಿಯನ್ನೂ, ಅದನ್ನು ತಿನ್ನುವ ಸಣ್ಣ ಜೀವಿಗಳನ್ನೂ ನಂಬಿಕೊಂಡು ಭೂತಾಯಿ, ಬಂಗುಡೆ ಮೀನುಗಳು ಬದುಕುತ್ತವೆ. ಭೂತಾಯಿ ಮೊಟ್ಟೆ ಇಡುವುದೂ ಮುಖ್ಯವಾಗಿ ಈ ತಿಂಗಳುಗಳಲ್ಲೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಇರುವುದು ಸುಮ್ನೆ ಅಲ್ಲ. ಮೇಲಕ್ಕೆ ಬಂದ ಆ ನೀರಿಗೆ ಇನ್ನೊಂದು ಗುಣ ಇದೆ: ಆಮ್ಲಜನಕ ಕಡಿಮೆ. ಮೇಲೆ ಬೆಳೆದ ಪಾಚಿ ಸತ್ತು ತಳಕ್ಕಿಳಿದು ಕೊಳೆಯುವಾಗ ಅದು ಇನ್ನೂ ಇಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಕಾರವಾರ, ಗೋವಾ ಕಡೆಯ ತಳದ ನೀರಿನಲ್ಲಿ ಅನೇಕ ಜೀವಿಗಳಿಗೆ ಉಸಿರಾಡುವುದೇ ಕಷ್ಟ. ಅದೇ ಹೊತ್ತಿಗೆ ಡ್ರೆಜ್ಜರ್ (ಹೂಳೆತ್ತುವ ಹಡಗು) ಬಂದು ತಳದ ಕೆಸರು ಕಲಕಿದರೆ ಏನಾಗುತ್ತದೆ? ಜನವರಿಯ ಅಳತೆಯಲ್ಲಿ ಇದಕ್ಕೆ ಉತ್ತರ ಇಲ್ಲ. ಮೇ ತಿಂಗಳಲ್ಲಿ ಟಿಬಿ ಡ್ಯಾಂ ನೋಡಿ ‘ತುಂಗಭದ್ರೆ ಎಂದರೆ ಇಷ್ಟೇ’ ಎಂದು ಬರೆದ ಹಾಗಾಯಿತು ಅದು.

ಆಮೇಲೆ ಜಾಗ. ಯೋಜನೆಯ ಸುತ್ತ 10 ಕಿ.ಮೀ. ವೃತ್ತ ಎಳೆಯುತ್ತಾರೆ. ನೆಲದ ಮೇಲಿನ ಕಾರ್ಖಾನೆಗಾದರೆ ಸರಿ ಅನ್ನೋಣ. ಸಮುದ್ರದ ಪ್ರವಾಹಕ್ಕೆ, ಅಲೆಯುವ ಮೀನಿಗೆ ಆ ವೃತ್ತದ ಹಂಗಿಲ್ಲ. ಒಳ್ಳೆಯ ವರದಿಯಲ್ಲಿ ಬಂದರಿನ ಪ್ರಭಾವ ತಟ್ಟದಷ್ಟು ದೂರದ, ಆದರೆ ಅಂಥದ್ದೇ ಆಳ, ಅಂಥದ್ದೇ ತಳ ಇರುವ ಒಂದೆರಡು ಜಾಗಗಳಲ್ಲೂ ಮಾದರಿ ತೆಗೆದಿರುತ್ತಾರೆ. ನಾಳೆ ಮೀನು ಕಡಿಮೆಯಾದರೆ, ‘ಎಲ್ಲ ಕಡೆ ಕಡಿಮೆಯಾಗಿದೆ, ಬಂದರಿನಿಂದಲ್ಲ’ ಎಂದು ಕಂಪನಿ ಹೇಳಬಹುದು. ‘ಬಂದರಿನಿಂದಲೇ’ ಎಂದು ಮೀನುಗಾರ ಹೇಳಬಹುದು. ಹೋಲಿಸಿ ನೋಡಲು ಜಾಗವೇ ಇಲ್ಲದಿದ್ದರೆ ಇಬ್ಬರ ಮಾತೂ ಬರೀ ಮಾತು.

ಇನ್ನು ನನ್ನ ಇಷ್ಟದ ವಿಷಯ, ಕೆಸರು. ಎರಡು ದವಡೆಯ ಕಬ್ಬಿಣದ ಬಾಯಿಯನ್ನು ಹಗ್ಗ ಕಟ್ಟಿ ಕೆಳಗೆ ಬಿಡುತ್ತಾರೆ. ವ್ಯಾನ್ ವೀನ್ ಗ್ರ್ಯಾಬ್ ಎಂದು ಅದರ ಹೆಸರು. ತಳ ಮುಟ್ಟಿದ ಮೇಲೆ ಹಗ್ಗ ಎಳೆದರೆ ಬಾಯಿ ಮುಚ್ಚಿಕೊಂಡು ಒಂದು ತುತ್ತು ಕೆಸರು ಕಚ್ಚಿಕೊಂಡು ಬರುತ್ತದೆ. ಅದನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಸಮುದ್ರದ ನೀರು ಹಾಕಿ ತೊಳೆಯಬೇಕು. ಉಳಿದಿದ್ದಕ್ಕೆ ಫಾರ್ಮಲಿನ್ ಮತ್ತು ರೋಸ್ ಬೆಂಗಾಲ್ ಎಂಬ ಗುಲಾಬಿ ಬಣ್ಣ. ಬಣ್ಣ ಹಿಡಿದ ಸಣ್ಣ ಸಣ್ಣ ಹುಳು, ಚಿಪ್ಪು, ಸೀಗಡಿ ಜಾತಿಯವನ್ನು ಚಿಮಟದಲ್ಲಿ ಒಂದೊಂದಾಗಿ ಎತ್ತಿ, ಗುರುತಿಸಿ, ಎಣಿಸಬೇಕು. ಬೇಸರದ ಕೆಲಸ, ಕಣ್ಣು ಉರಿಯುತ್ತದೆ. ಆದರೆ ಓಡಿಹೋಗಲಾರದ ಈ ಜೀವಿಗಳಿಗಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ. ಜಾತಿಗಳು ಹತ್ತಾರು ಇದ್ದರೆ ತಳ ಆರೋಗ್ಯವಾಗಿದೆ. ಬರೀ ಕ್ಯಾಪಿಟೆಲ್ಲಾದಂಥ ಒಂದೆರಡು ಜಾತಿಯ ಹುಳು ತುಂಬಿಕೊಂಡಿದ್ದರೆ ಅಲ್ಲಿ ಕೊಳಕು ಸೇರಿದೆ ಎಂದು ಅರ್ಥ.

ಆದ್ದರಿಂದ ವರದಿಯಲ್ಲಿ ಜೀವಿಗಳ ಹೆಸರಿನ ಪಟ್ಟಿ ಉದ್ದವಿದೆ ಎಂದು ಮರುಳಾಗಬೇಡ. ಪ್ರತಿ ಜಾಗದಲ್ಲಿ ಎಷ್ಟು ಸಿಕ್ಕವು ಎಂಬ ಅಂಕಿ ಇದೆಯಾ ನೋಡು. ಬರೀ ಹೆಸರನ್ನು ಎಲ್ಲಿಂದ ಬೇಕಾದರೂ ಎತ್ತಿಕೊಳ್ಳಬಹುದು. ಮಹಾರಾಷ್ಟ್ರದ ರತ್ನಗಿರಿಯ ಒಂದು ಬಾಕ್ಸೈಟ್ ಗಣಿಯ ವರದಿಯಲ್ಲಿ ರಷ್ಯಾದ ಗಣಿ ವರದಿಯಿಂದ ನಕಲು ಮಾಡಿದ ಭಾಗಗಳೇ ಸಿಕ್ಕಿಬಿದ್ದು ದೊಡ್ಡ ರಾದ್ಧಾಂತವಾಗಿತ್ತು. ಮೀನಿನ ಅಧ್ಯಾಯವನ್ನೂ ಹೀಗೇ ನೋಡು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದಶಕಗಳಿಂದ ದಡಕ್ಕೆ ಬರುವ ಮೀನಿನ ಲೆಕ್ಕ ಇಡುತ್ತಿದೆ, ಕಾರವಾರದಲ್ಲೂ ಅದರ ಕೇಂದ್ರವಿದೆ. ಆ ಅಂಕಿಗಳನ್ನು ಬಿಟ್ಟು, ಒಂದು ದಿನ ಬಲೆ ಬೀಸಿ ಸಿಕ್ಕಿದ್ದನ್ನು ಬರೆದಿದ್ದರೆ ಆ ಅಧ್ಯಾಯಕ್ಕೆ ಬೆಲೆ ಕೊಡಬೇಕಾಗಿಲ್ಲ.

ನಂಬಬಹುದಾ ಅಂದೆಯಲ್ಲ. ಇಷ್ಟನ್ನೂ ನೋಡಿಕೊಂಡು ಮತ್ತೆ ಆ ಕೊನೆಯ ಪುಟಕ್ಕೆ ಬಾ. ಆಗ ನೀನೇ ಹೇಳುತ್ತೀಯ.

ಪ್ರಶ್ನೆ: ನಮ್ಮ ಟಿಬಿ ಡ್ಯಾಂ ಹೂಳು ತೆಗೆಯುವುದು ಆಗದ ಕೆಲಸ ಅನ್ನುತ್ತಾರೆ. ಸಮುದ್ರದ ಹೂಳನ್ನು ಮಾತ್ರ ಹೇಗೆ ತೆಗೆಯುತ್ತಾರೆ? ತೆಗೆದಿದ್ದನ್ನು ಎಲ್ಲಿ ಹಾಕುತ್ತಾರೆ?
— ಒಬ್ಬ ಭತ್ತದ ರೈತರು, ಗಂಗಾವತಿ

ಉತ್ತರ: ಎಡದಂಡೆ ಕಾಲುವೆಯ ನೀರಿಗೆ ಕಾದು ಗೊತ್ತಿರುವವರೇ ಕೇಳುವ ಪ್ರಶ್ನೆ ಇದು. ಡ್ಯಾಂ ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು, ಈಗ 105ರ ಆಸುಪಾಸು. ಹೂಳನ್ನು ಎತ್ತುವುದಕ್ಕಿಂತ ಎತ್ತಿದ ಮೇಲೆ ಹಾಕುವ ಜಾಗ, ಸಾಗಿಸುವ ಖರ್ಚೇ ಅಲ್ಲಿ ದೊಡ್ಡ ತಲೆನೋವು.

ಸಮುದ್ರದಲ್ಲಿ ಅದಕ್ಕೆಂದೇ ಹಡಗು ಇದೆ. ದೊಡ್ಡ ಕೊಳವೆಯನ್ನು ತಳದ ಮೇಲೆ ಎಳೆಯುತ್ತಾ ಹೋಗುತ್ತದೆ, ಕೆಸರು ಮತ್ತು ನೀರನ್ನು ಹೀರಿ ಹೊಟ್ಟೆಗೆ ತುಂಬಿಕೊಳ್ಳುತ್ತದೆ. ಹೊಟ್ಟೆ ತುಂಬಿದ ಮೇಲೆ ಆಳದ ಕಡೆ ಹೋಗಿ ತಳದ ಬಾಗಿಲು ತೆಗೆದು ಸುರಿಯುತ್ತದೆ. ಇಲ್ಲವೇ ಆ ಮರಳನ್ನೇ ದಡಕ್ಕೆ ಪಂಪ್ ಮಾಡಿ ಹೊಸ ನೆಲ ಮಾಡಿಕೊಳ್ಳುತ್ತಾರೆ. ಕೆಲಸ ಸಲೀಸು. ಸಲೀಸಾಗಿರುವುದೇ ತೊಂದರೆ, ಯಾಕೆಂದರೆ ಸುರಿದಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕೇಣಿಯಲ್ಲಿ ಕೇಪ್‌ಸೈಜ್ ಎಂಬ ಭಾರೀ ಹಡಗು ತರುವ ಯೋಜನೆ ಇದೆ. ತುಂಬಿದ ಕೇಪ್‌ಸೈಜ್ ಹಡಗು ನೀರಿನೊಳಗೆ ಸುಮಾರು 18 ಮೀಟರ್ ಮುಳುಗಿರುತ್ತದೆ, ಅಂದರೆ ಐದಾರು ಮಹಡಿಯಷ್ಟು. ನಮ್ಮ ಕರಾವಳಿಯಲ್ಲಿ ಸಮುದ್ರದ ತಳ ನಿಧಾನವಾಗಿ ಇಳಿಜಾರಾಗುತ್ತದೆ, ದಡದ ಹತ್ತಿರ ಅಷ್ಟು ಆಳ ಸಿಗುವುದಿಲ್ಲ. ಹಾಗಾಗಿ ಕಿಲೋಮೀಟರ್‌ಗಟ್ಟಲೆ ಉದ್ದದ ಕಾಲುವೆಯನ್ನು ಸಮುದ್ರದ ತಳದಲ್ಲೇ ತೋಡಬೇಕು. ಒಮ್ಮೆ ತೋಡಿದರೆ ಮುಗಿಯಿತೇ? ಇಲ್ಲ. ಪ್ರತಿ ಮಳೆಗಾಲ ಅದನ್ನು ಮತ್ತೆ ತುಂಬುತ್ತದೆ. ಪಣಂಬೂರಿನ ನವಮಂಗಳೂರು ಬಂದರು ಶುರುವಾಗಿದ್ದು 1974ರಲ್ಲಿ. ಅಲ್ಲಿ ಇವತ್ತಿಗೂ ಮಳೆಗಾಲ ಮುಗಿದ ಮೇಲೆ ಹೂಳು ತೆಗೆಯುವ ಕೆಲಸ ಇದ್ದೇ ಇದೆ. ಬಂದರು ಇರುವಷ್ಟು ಕಾಲ ಡ್ರೆಜ್ಜಿಂಗ್ ಇರುತ್ತದೆ ಎಂದು ತಿಳಿಯಿರಿ.

ಕಾಲುವೆ ತೋಡಿದ ಜಾಗದಲ್ಲಿ ತಳದ ಜೀವಿಗಳು ಪೂರ್ತಿ ಹೋಗುತ್ತವೆ. ಅದು ನೇರ ನಷ್ಟ. ಹಡಗಿನ ಹೊಟ್ಟೆ ತುಂಬುವಾಗ ಮೇಲಿಂದ ಚೆಲ್ಲುವ ಕೆಂಪು, ಕಪ್ಪು ರಾಡಿ ನೀರು ಇನ್ನೊಂದು. ಸಣ್ಣ ಮಣ್ಣು ಪ್ರವಾಹದ ಜೊತೆ ದೂರ ಹೋಗಿ ನಿಧಾನವಾಗಿ ಕೂರುತ್ತದೆ. ಅದು ಚಿಪ್ಪುಮೀನಿನ ಮೇಲೆ ಕೂತರೆ ಕಿವಿರು ಕಟ್ಟಿಕೊಳ್ಳುತ್ತದೆ, ಹವಳದ ಮೇಲೆ ಕೂತರೆ ಬೆಳಕು ಸಿಗದೆ ಅದು ಸಾಯುತ್ತದೆ. ಭಟ್ಕಳ ಕಡೆಯ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ ಎಂಬುದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಸುರಿಯುವ ಜಾಗದಲ್ಲಿ ಮೂರನೆಯ ನಷ್ಟ. ಆ ಜಾಗ ಯಾವುದು, ಅಲ್ಲಿ ಯಾರು ಬಲೆ ಬೀಸುತ್ತಾರೆ ಎಂಬುದು ವರದಿಯಲ್ಲಿ ಅಕ್ಷಾಂಶ, ರೇಖಾಂಶ ಸಮೇತ ಇರಬೇಕು.

ಮರ್ಮಗೋವಾದಲ್ಲಿ ಹಡಗು ಕಾಲುವೆ ಆಳ ಮಾಡುವ ಕೆಲಸಕ್ಕೆ ಸಾರ್ವಜನಿಕ ಅಹವಾಲು ಸಭೆ ಇಲ್ಲದೆಯೇ ಅನುಮತಿ ಕೊಟ್ಟಿದ್ದರು. ಅಲ್ಲಿನ ದೋಣಿ ಮೀನುಗಾರರು ಕೇಸು ಹಾಕಿದರು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆ ಅನುಮತಿಯನ್ನು ರದ್ದು ಮಾಡಿತು. ಹೂಳಿನ ವಿಷಯ ಅಷ್ಟು ಸಣ್ಣದಲ್ಲ.

ಪ್ರಶ್ನೆ: ಚೆನ್ನೈಗೆ ಹೋದಾಗ ಮರೀನಾ ಬೀಚ್ ನೋಡಿದೆ. ಅಷ್ಟು ಮರಳು! ಬಂದರಿನ ಪಕ್ಕದಲ್ಲೇ ಅಷ್ಟು ಒಳ್ಳೆಯ ಬೀಚ್ ಇರುವಾಗ, ಬಂದರಿನಿಂದ ಕಡಲ ಕೊರೆತ ಅನ್ನುವುದು ಸುಳ್ಳಲ್ಲವೇ?
— ಒಬ್ಬ ಓದುಗರು, ರಾಯಚೂರು

ಉತ್ತರ: ನೀವು ನಿಂತಿದ್ದ ಮರಳೇ ಅದಕ್ಕೆ ಸಾಕ್ಷಿ, ಸರ್! ತಮಿಳುನಾಡು ಕರಾವಳಿಯಲ್ಲಿ ಅಲೆಗಳು ವರ್ಷದ ಒಟ್ಟು ಲೆಕ್ಕದಲ್ಲಿ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿ ಬಂದರಿನ ಅಲೆತಡೆ ಗೋಡೆ ಎದ್ದ ಮೇಲೆ ಮರಳು ಗೋಡೆಯ ದಕ್ಷಿಣಕ್ಕೆ ನಿಂತುಬಿಟ್ಟಿತು. ಮರೀನಾ ಅಗಲವಾಗುತ್ತಾ ಹೋಯಿತು. ಮರಳು ಬರುವುದು ನಿಂತ ಉತ್ತರದಲ್ಲಿ, ರಾಯಪುರಂ ಕಡೆ, ಸಮುದ್ರ ಮನೆಗಳನ್ನು ನುಂಗುತ್ತಾ ಬಂತು. ಮುಂದಿನ ಸಲ ಆಟೋದವರಿಗೆ ಬಂದರಿನ ಉತ್ತರಕ್ಕೆ ಬಿಡಲು ಹೇಳಿ, ಕಲ್ಲುಬಂಡೆ ಸುರಿದಿರುವುದು ಕಾಣುತ್ತದೆ. ಪುದುಚೇರಿಯಲ್ಲೂ 1980ರ ದಶಕದ ಕೊನೆಯಲ್ಲಿ ಕಟ್ಟಿದ ಗೋಡೆಗಳಿಂದ ಊರ ಮುಂದಿನ ಬೀಚೇ ಹೋಯಿತು.

ಅಂದ ಹಾಗೆ ಚೆನ್ನೈ ಬಂದರಿಗೂ ನಮ್ಮ ಬಳ್ಳಾರಿ–ಹೊಸಪೇಟೆ ಅದಿರು ಬಹಳ ವರ್ಷ ಹೋಗುತ್ತಿತ್ತು. ಧೂಳಿನ ದೂರು ಜಾಸ್ತಿಯಾಗಿ 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿ ಕಲ್ಲಿದ್ದಲು, ಅದಿರು ಇಳಿಸಿ ಏರಿಸುವುದನ್ನು ನಿಲ್ಲಿಸಲು ಹೇಳಿತು.

ಉತ್ತರ ಕನ್ನಡದ ಕರಾವಳಿ ಚೆನ್ನೈನಂತೆ ನೇರ ಗೆರೆ ಅಲ್ಲ. ಗುಡ್ಡದ ಮೂತಿಗಳು ಸಮುದ್ರಕ್ಕೆ ಚಾಚಿವೆ, ನಡುವೆ ಸಣ್ಣ ಸಣ್ಣ ಕಿನಾರೆಗಳು, ನದಿಗಳ ಅಳಿವೆಗಳು. ಮರಳು ಮಳೆಗಾಲದಲ್ಲಿ ಒಂದು ದಿಕ್ಕಿಗೆ, ಬೇಸಿಗೆಯಲ್ಲಿ ಇನ್ನೊಂದು ದಿಕ್ಕಿಗೆ ಓಡಾಡುತ್ತದೆ. ಆದ್ದರಿಂದ ಯಾವ ಊರಿಗೆ ಪೆಟ್ಟು ಎಂದು ಹೇಳಲು ವರ್ಷಪೂರ್ತಿ ಅಲೆ, ಪ್ರವಾಹ ಅಳೆಯಬೇಕು. ಕಂಪ್ಯೂಟರ್ ಮಾದರಿ ಮಾಡಿದ್ದೇವೆ ಅನ್ನುತ್ತಾರೆ. ಆ ಮಾದರಿಯನ್ನು ಸಮುದ್ರದಲ್ಲೇ ಅಳೆದ ಅಂಕಿಗಳ ಜೊತೆ ಹೋಲಿಸಿ ನೋಡಿದ್ದಾರಾ ಎಂದು ಕೇಳಬೇಕು. ದೇಶದ ಕರಾವಳಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈಗಾಗಲೇ ಕೊರೆತಕ್ಕೆ ಸಿಕ್ಕಿದೆ ಎಂದು ಸರ್ಕಾರಿ ಸಂಸ್ಥೆಯೇ ಲೆಕ್ಕ ಹಾಕಿದೆ.

ಪ್ರಶ್ನೆ: ಬಂದರು ಆದರೆ ಬಂಗುಡೆ ರೇಟು ಜಾಸ್ತಿ ಆಗುತ್ತಾ?
— ಒಬ್ಬ ಗೃಹಿಣಿ, ಸಿರುಗುಪ್ಪ

ಉತ್ತರ: ನಿಮ್ಮ ಸಾರಿಗೆ ಸದ್ಯಕ್ಕೆ ಭಯ ಇಲ್ಲ. ಇಲ್ಲಿಗೆ ಬರುವ ಬಂಗುಡೆ ಐಸ್ ಪೆಟ್ಟಿಗೆಯಲ್ಲಿ ಎಲ್ಲೆಲ್ಲಿಂದಲೋ ಬರುತ್ತದೆ. ಒಂದು ಕಡೆ ಕಡಿಮೆಯಾದರೆ ಇನ್ನೊಂದು ಕಡೆಯಿಂದ ತರಿಸುತ್ತಾರೆ. ಪೆಟ್ಟು ಬೀಳುವುದು ದಡದಿಂದ ರಂಪಣಿ ಬಲೆ ಎಳೆಯುವವರಿಗೆ, ಪಾತಿದೋಣಿಯವರಿಗೆ. ದೊಡ್ಡ ಟ್ರಾಲ್ ಬೋಟು ದೂರ ಹೋಗಿ ಹಿಡಿಯುತ್ತದೆ, ಪಾತಿದೋಣಿ ಹೋಗುವುದು ದಡದ ಹತ್ತಿರ ಮಾತ್ರ. ಅದೇ ನೀರು ಹಡಗಿನ ದಾರಿಯಾಗಿಬಿಟ್ಟರೆ ಅವರು ಸುತ್ತು ಹಾಕಬೇಕು ಇಲ್ಲವೇ ಬಿಡಬೇಕು. ವರದಿಗಳಲ್ಲಿ ‘ಮೀನುಗಾರರ ಸಂಖ್ಯೆ’ ಎಂಬ ಒಂದು ಸಾಲು ಇರುತ್ತದೆ. ಮೀನು ಮಾರುವ ಹೆಂಗಸರು, ಒಣಗಿಸುವ ಹೆಂಗಸರು ಆ ಸಾಲಿನಲ್ಲಿ ಇರುವುದೇ ಅಪರೂಪ. ನನ್ನ ಸಿಟ್ಟು ಅದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಕಡಲಾಮೆಯ ಮೊಟ್ಟೆಗಳನ್ನು ಬೇರೆ ಕಡೆ ಸ್ಥಳಾಂತರಿಸುತ್ತೇವೆ, ಕಡಿದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿಗೆ ಬದಲಿ ನೆಡುತ್ತೇವೆ ಎನ್ನುತ್ತಾರಲ್ಲ. ಇದು ನಡೆಯುವ ಮಾತೇ?
— ಒಬ್ಬ ಓದುಗರು, ಕೊಪ್ಪಳ

ಉತ್ತರ: ಮಾಸ್ತರೇ, ಮೊಟ್ಟೆ ಎತ್ತಿಡಬಹುದು, ಕಿನಾರೆ ಎತ್ತಿಡಲು ಆಗುವುದಿಲ್ಲ. ನಮ್ಮ ಕರಾವಳಿಗೆ ಬರುವುದು ಹೆಚ್ಚಾಗಿ ಆಲಿವ್ ರಿಡ್ಲಿ ಆಮೆ. ಚಳಿಗಾಲದಿಂದ ಬೇಸಿಗೆ ಶುರುವಾಗುವ ತನಕ ರಾತ್ರಿ ದಡಕ್ಕೆ ಬಂದು ಗುಂಡಿ ತೋಡಿ ನೂರಕ್ಕೂ ಮೇಲೆ ಮೊಟ್ಟೆ ಇಡುತ್ತದೆ. ಒಂದೂವರೆ, ಎರಡು ತಿಂಗಳಲ್ಲಿ ಮರಿ ಹೊರಬರುತ್ತದೆ. ಗಂಡೋ ಹೆಣ್ಣೋ ಎಂಬುದು ಮರಳಿನ ಬಿಸಿಯ ಮೇಲೆ ನಿಂತಿದೆ. ದೊಡ್ಡದಾದ ಹೆಣ್ಣಾಮೆ ತಾನು ಹುಟ್ಟಿದ ಸೀಮೆಗೇ ಮೊಟ್ಟೆ ಇಡಲು ಬರುತ್ತದೆ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಂದರಿಗೆ ವಿರೋಧ ಎದ್ದಾಗ ಈ ಆಮೆಗಳ ಗೂಡೂ ಒಂದು ದೊಡ್ಡ ಕಾರಣವಾಗಿತ್ತು. ವನ್ಯಜೀವಿ ಕಾಯ್ದೆಯಲ್ಲಿ ಇವು ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಸಿಗುವ ರಕ್ಷಣೆಯೇ ಇವಕ್ಕೂ.

ಮೊಟ್ಟೆಯಿಂದ ಹೊರಬಂದ ಮರಿ ಬೆಳಕಿನ ಕಡೆ ಓಡುತ್ತದೆ. ಕತ್ತಲಲ್ಲಿ ಸಮುದ್ರವೇ ಹೊಳೆಯುವುದರಿಂದ ಸರಿದಾರಿ ಹಿಡಿಯುತ್ತದೆ. ಬಂದರಿನ ದೀಪ ಇಡೀ ರಾತ್ರಿ ಉರಿದರೆ ಮರಿ ರಸ್ತೆಯ ಕಡೆ ಬರುತ್ತದೆ. ಆಮೆಗಳು ಗುಂಪಾಗಿ ಮೊಟ್ಟೆ ಇಡಲು ಬರುವ ಒಡಿಶಾದ ಗಹಿರಮಾಥಾ ಹತ್ತಿರ ಧಾಮ್ರಾ ಬಂದರು ಕಟ್ಟುವಾಗ ದೊಡ್ಡ ಜಗಳವಾದ ಮೇಲೆ ದೀಪಗಳಿಗೆ ಮರೆ ಮಾಡಿದರು, ಡ್ರೆಜ್ಜರ್‌ಗೆ ಆಮೆ ಸಿಕ್ಕದಂತೆ ತಡೆ ಹಾಕಿದರು. ಅಂದರೆ ಮಾಡಲು ಸಾಧ್ಯ. ಕೇಳುವವರು ಇರಬೇಕು.

ಕಾಂಡ್ಲಾ ವಿಷಯ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಪ್ರಕಾರ, ನಷ್ಟವಾದ ಕಾಂಡ್ಲಾ ಕಾಡಿನ ಮೂರರಷ್ಟು ಜಾಗದಲ್ಲಿ ಬದಲಿ ನೆಡಬೇಕು. ನೆಡುವುದು ಸುಲಭ. ಉಬ್ಬರ ಇಳಿತದ ನೀರು ಸರಿಯಾಗಿ ಬಂದು ಹೋಗದ ಜಾಗದಲ್ಲಿ ಅದು ಉಳಿಯುವುದಿಲ್ಲ. ಸರಿಯಾದ ಜಾಗ ಇದ್ದರೆ ಅಲ್ಲಿ ಆಗಲೇ ಕಾಂಡ್ಲಾ ಬೆಳೆದಿರುತ್ತದೆ. ಈ ಗೋಜಲನ್ನು ಬಿಡಿಸಿದ ವರದಿಯನ್ನು ನಾನು ಕಂಡಿಲ್ಲ.

ನಿಮಗೆ ಇನ್ನೊಂದು ಹೇಳಬೇಕು. 2024ರಲ್ಲಿ ಕರ್ನಾಟಕದ ಮೂರು ಜಾಗಗಳು ಒಟ್ಟಿಗೆ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದವು. ಒಂದು ನಮ್ಮ ನೆರೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಇನ್ನೊಂದು ಗದಗ ಕಡೆಯ ಮಾಗಡಿ ಕೆರೆ, ಮೂರನೆಯದು ಅಘನಾಶಿನಿ ಅಳಿವೆ. ಅಘನಾಶಿನಿಯಲ್ಲಿ ಸಾವಿರಾರು ಜನ ನೀರು ಇಳಿದಾಗ ಚಿಪ್ಪುಮೀನು ಆರಿಸಿ ಬದುಕುತ್ತಾರೆ. ಉಬ್ಬರದ ನೀರು ನುಗ್ಗುವ ಗಜನಿ ಗದ್ದೆಯಲ್ಲಿ ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ. ಆ ಅಳಿವೆಯ ಬಾಯಿ ಕೇಣಿಯಿಂದ ದಕ್ಷಿಣಕ್ಕಿದೆ. 10 ಕಿ.ಮೀ. ವೃತ್ತದ ಆಚೆ.

ಪ್ರಶ್ನೆ: ಮೇಡಂ, ನನಗೆ ಮರ್ಚೆಂಟ್ ನೇವಿ ಸೇರುವ ಆಸೆ. ಬ್ಯಾಲಾಸ್ಟ್ ನೀರಿನಿಂದಲೂ ಸಮುದ್ರಕ್ಕೆ ತೊಂದರೆ ಎಂದು ಕೇಳಿದೆ. ಬರೀ ನೀರಲ್ಲವೇ ಅದು?
— ಒಬ್ಬ ಯುವಕ, ತೋರಣಗಲ್ಲು

ಉತ್ತರ: ಬರೀ ನೀರಲ್ಲ. ಖಾಲಿ ಹಡಗು ಹೊಯ್ದಾಡದಿರಲೆಂದು ತೊಟ್ಟಿಗಳಿಗೆ ಸಮುದ್ರದ ನೀರು ತುಂಬಿಕೊಳ್ಳುತ್ತದೆ. ಅದರ ಜೊತೆ ಆ ಬಂದರಿನ ಮರಿಜೀವಿಗಳೂ ಬರುತ್ತವೆ. ಅಮೆರಿಕ ಖಂಡದ ಮೂಲದ ಮೈಟೆಲ್ಲಾ ಎಂಬ ಚಿಪ್ಪು ಈಗ ಕೇರಳದ ಹಿನ್ನೀರಿನಲ್ಲಿ ತುಂಬಿಕೊಂಡಿದೆ. ಹಡಗುಗಳ ಮೂಲಕವೇ ಬಂದಿರಬೇಕು ಎಂದು ವಿಜ್ಞಾನಿಗಳ ಅಂದಾಜು. ಇದನ್ನು ತಡೆಯಲು 2004ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದ 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಕಲ್ಲಿದ್ದಲು ತುಂಬಿಕೊಂಡು ಬರುವ ಹಡಗಿನಲ್ಲಿ ಬ್ಯಾಲಾಸ್ಟ್ ಹೆಚ್ಚಿರುವುದಿಲ್ಲ. ಉಕ್ಕು, ಅದಿರು ಒಯ್ಯಲು ಖಾಲಿ ಬರುವ ಹಡಗು ಪರದೇಶದ ನೀರನ್ನು ಇಲ್ಲಿ ಬಿಟ್ಟು ಸರಕು ತುಂಬಿಕೊಳ್ಳುತ್ತದೆ. ಅಂದರೆ ಬಂದರಿನಿಂದ ರಫ್ತು ಎಷ್ಟು ಎಂಬುದರ ಮೇಲೆ ಈ ಅಪಾಯದ ಲೆಕ್ಕ. ನೀವು ಹಡಗು ಹತ್ತಿದ ಮೇಲೆ ಬ್ಯಾಲಾಸ್ಟ್ ದಾಖಲೆ ಪುಸ್ತಕವನ್ನು ಪ್ರಾಮಾಣಿಕವಾಗಿ ತುಂಬಿ.

ಪ್ರಶ್ನೆ: ನಾನು ವಕೀಲ. ಬಂದರು ಇನ್ನೊಂದು ಜಿಲ್ಲೆಯದ್ದು. ಕೊಪ್ಪಳ, ಬಳ್ಳಾರಿಯವರು ಅಭಿಪ್ರಾಯ ಸಲ್ಲಿಸಬಹುದೇ?
— ಒಬ್ಬ ಓದುಗರು, ಕುಷ್ಟಗಿ

ಉತ್ತರ: ಧಾರಾಳವಾಗಿ. 2006ರ ಪರಿಸರ ಪರಿಣಾಮ ಅಧಿಸೂಚನೆ ನಿಮಗೆ ಗೊತ್ತಿರುತ್ತದೆ, ಇತರರಿಗಾಗಿ ಹೇಳುತ್ತೇನೆ. ವರ್ಷಕ್ಕೆ 50 ಲಕ್ಷ ಟನ್ ಮತ್ತು ಮೇಲ್ಪಟ್ಟ ಬಂದರುಗಳು ‘ಎ’ ವರ್ಗ, ತೀರ್ಮಾನ ದೆಹಲಿಯಲ್ಲಿ. ಅಹವಾಲು ಸಭೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುತ್ತದೆ, ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆ ಯೋಜನೆಯ ಜಾಗದ ಹತ್ತಿರ ನಡೆಯುತ್ತದೆ, ಆದರೆ ಪರಿಸರದ ವಿಷಯದಲ್ಲಿ ಆಸಕ್ತಿ ಇರುವ ಬೇರೆಯವರೂ ಲಿಖಿತವಾಗಿ ಹೇಳಬಹುದು. ಕಲ್ಲಿದ್ದಲು ಬಂದು ಸೇರುವ ಊರಿನವರಿಗೆ ಆಸಕ್ತಿ ಇಲ್ಲ ಎಂದು ಯಾರೂ ವಾದಿಸಲಾರರು. ದಾಖಲೆಗಳು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಸಿಗುತ್ತವೆ. ಅನುಮತಿ ಕೊಟ್ಟ ಮೇಲೆ ತಕರಾರಿದ್ದರೆ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ. ಸಕಾರಣ ಇದ್ದರೆ ಇನ್ನೂ 60 ದಿನ ಸಿಗುತ್ತದೆ, ಅದರಾಚೆ ಇಲ್ಲ. ನಮಗೆ ಚೆನ್ನೈ ಪೀಠ.

ಪತ್ರ ಬರೆಯುವಾಗ ‘ಪರಿಸರ ನಾಶ ನಿಲ್ಲಿಸಿ’ ಎಂದು ಬರೆದರೆ ಫೈಲಿಗೆ ಸೇರುತ್ತದೆ, ಅಷ್ಟೇ. ‘ಸೆಪ್ಟೆಂಬರ್ ತಿಂಗಳಲ್ಲಿ ತಳದ ನೀರಿನ ಆಮ್ಲಜನಕ ಅಳೆದಿದ್ದೀರಾ? ಹೂಳು ಸುರಿಯುವ ಜಾಗದಲ್ಲಿ ಗ್ರ್ಯಾಬ್ ಹಾಕಿದ್ದೀರಾ? ಡ್ರೆಜ್ಜಿಂಗ್ ಮಳೆಗಾಲದಲ್ಲಿ ನಿಲ್ಲಿಸುತ್ತೀರಾ?’ ಎಂದು ಕೇಳಿ. ಸಭೆಯಲ್ಲಿ, ಪತ್ರದಲ್ಲಿ ಬಂದ ಮುಖ್ಯ ಆತಂಕಗಳಿಗೆ ಉತ್ತರಿಸಿಯೇ ಕಂಪನಿ ಅಂತಿಮ ವರದಿ ಕೊಡಬೇಕು. ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಪ್ರಶ್ನೆ: ಹೋದ ತಿಂಗಳ ಅಂಕಣ ಓದಿ ನನ್ನ ಮಗಳು ಸಮುದ್ರದ ವಿಜ್ಞಾನ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಸಮುದ್ರವನ್ನೇ ನೋಡಿಲ್ಲದ ನಮ್ಮ ಕಡೆ ಮಕ್ಕಳಿಗೆ ಆಗುತ್ತದಾ?
— ಒಬ್ಬ ತಂದೆ, ಸಿಂಧನೂರು

ಉತ್ತರ: ಯಾಕಾಗುವುದಿಲ್ಲ? ಡಿಗ್ರಿ ಆದ ಮೇಲೆ ಕಾರವಾರದಲ್ಲಿ ಎಂ.ಎಸ್ಸಿ. ಇದೆ. ಪಿಯುಸಿ ಆದ ಕೂಡಲೇ ಹೋಗುವುದಾದರೆ ಮಂಗಳೂರಿನ ಮೀನುಗಾರಿಕೆ ಕಾಲೇಜು. 1969ರಲ್ಲಿ ಶುರುವಾದ ಅದು ದೇಶದ ಮೊದಲ ಮೀನುಗಾರಿಕೆ ಕಾಲೇಜು, ಈಗ ನಮ್ಮ ಬೀದರ್‌ನ ವಿಶ್ವವಿದ್ಯಾಲಯದ ಕೆಳಗೆ ಬರುತ್ತದೆ. ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಈಗಲೇ ಮಾಡಿಸಿಡಿ, ಕೊನೆ ಗಳಿಗೆಯಲ್ಲಿ ಕಚೇರಿಗೆ ಅಲೆಯಬೇಡಿ. ಈಜು ಬಾರದಿದ್ದರೆ ಕಲಿಸಿ. ಇನ್ನೊಂದು, ದೋಣಿ ಹತ್ತುವ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬಾರದೆಂದು ಹೇಳಿ. ಎರಡು ಇಡ್ಲಿಯಾದರೂ ತಿಂದಿರಬೇಕು, ಇಲ್ಲದಿದ್ದರೆ ವಾಂತಿ ಜಾಸ್ತಿ.